ಪಟ್ಟಿಯಿಂದ ನಾನು ತೆಗೆದ ಹೆಸರು

ತೊಗರಿ ರಾಶಿಯ ದಿನಗಳಲ್ಲಿ ಹಗಲು ಹೊತ್ತು ನಮ್ಮ ಕಡೆಯ ಊರುಗಳಿಗೆ ಹೋದರೆ ಸಿಗುವುದು ಮುದುಕರು, ಕೋಳಿಗಳು ಮತ್ತು ಬೀಗ. ಆರೋಗ್ಯ ಕಾರ್ಡಿನ ನವೀಕರಣವನ್ನು ಸರಿಯಾಗಿ ಅದೇ ದಿನಗಳಿಗೆ ಇಟ್ಟ ಪುಣ್ಯಾತ್ಮರು ಯಾರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೋದ ವರ್ಷ ಆ ಕೆಲಸಕ್ಕೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸೇರಿಸಿ ಗುತ್ತಿಗೆಯ ಮೇಲೆ ಕೆಲವೇ ಹೆಂಗಸರನ್ನು ತೆಗೆದುಕೊಂಡಿದ್ದರು. ನನ್ನ ಪಾಲಿಗೆ ಮೂರರಲ್ಲೂ ಚೂರುಚೂರು ಬಂದಿತ್ತು. ಇತ್ತ ಜಿಡಗಾ ಕಡೆ ನಾಲ್ಕು ಊರು, ಅತ್ತ ಹವಳಗಾದ ಆಚೆ ಐದು, ಕೊಳಕೂರ ಸುತ್ತ ಇನ್ನು ಮೂರು. ಆಳಂದದ ಮನೆಯಿಂದ ನಸುಕಿಗೇ ಸ್ಕೂಟಿ ಹೊರಡಿಸಿ, ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಮೊದಲು ಅವರನ್ನು ಬಾಗಿಲಲ್ಲೇ ಹಿಡಿಯಬೇಕಿತ್ತು.

ಕೆಲಸ ಹೇಳಲಿಕ್ಕೆ ಸುಲಭ. ಬಡ ಕುಟುಂಬಗಳಿಗೆ ಸರ್ಕಾರದ ಆರೋಗ್ಯ ಕಾರ್ಡ್ ಇದೆ. ಹೋದ ವರ್ಷದಿಂದ ಬಂದ ಹೊಸ ನಿಯಮದಂತೆ, ಅದರಲ್ಲಿ ಹೆಸರಿರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಹೆಬ್ಬೆಟ್ಟು ಒತ್ತಿ, ನಾನು ಇನ್ನೂ ಇದ್ದೇನೆ ಎಂದು ತೋರಿಸಬೇಕು. ಒತ್ತದವರ ಹೆಸರು ನಿಂತುಹೋಗುತ್ತದೆ. ಕಾರ್ಡ್ ಏನೋ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಮಾಡದಲ್ಲಿ ಭದ್ರವಾಗಿರುತ್ತದೆ, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾತ್ರ ಇರುವುದಿಲ್ಲ. ಅದು ಮನೆಯವರಿಗೆ ತಿಳಿಯುವುದು ರೋಗಿಯನ್ನು ಕರೆದುಕೊಂಡು ಕಲಬುರಗಿಗೆ ಹೋದ ಮೇಲೆ. ಹಾಗಾಗಬಾರದು ಎಂದೇ ನಮ್ಮನ್ನು ಮನೆಮನೆಗೆ ಕಳಿಸುತ್ತಿದ್ದರು.

ಮಾಡಲಿಕ್ಕೆ ಮಾತ್ರ ಸುಲಭವಿರಲಿಲ್ಲ. ಹೊಲಗೆಲಸ ಮಾಡಿದ ಬೆರಳುಗಳಲ್ಲಿ ಗೆರೆಯೇ ಉಳಿದಿರುವುದಿಲ್ಲ. ಬಿಸಿನೀರಲ್ಲಿ ಕೈ ತೊಳೆಸುವುದು, ಸೆರಗಿನಲ್ಲಿ ಒರೆಸುವುದು, ಒತ್ತಿಸುವುದು, ಯಂತ್ರ ಕೆಂಪು ದೀಪ ತೋರಿಸುವುದು, ಮತ್ತೆ ತೊಳೆಸುವುದು. ಹೆಬ್ಬೆಟ್ಟು ಕೈಕೊಟ್ಟರೆ ಮೊಬೈಲಿಗೆ ಬರುವ ಸಂಖ್ಯೆ. ಆ ಸಂಖ್ಯೆ ಹೋಗುವುದು ಎಂದೋ ಎಮ್ಮೆ ಕೊಂಡುಹೋದ ದಲ್ಲಾಳಿಯ ಮೊಬೈಲಿಗೆ. ಆಧಾರ್ ಮಾಡಿಸಿದ ದಿನ ಅವನು ಅಲ್ಲೇ ನಿಂತಿದ್ದನಂತೆ, ಅವನದೇ ನಂಬರ್ ಕೊಟ್ಟಿದ್ದರಂತೆ. ನಾನು ಅವನಿಗೆ ಫೋನ್ ಮಾಡಿ, ನಾನು ಯಾರು, ಯಾಕೆ ಕೇಳುತ್ತಿದ್ದೇನೆ ಎಂದು ಪುರಾಣ ಬಿಚ್ಚುವಷ್ಟರಲ್ಲಿ ಸಂಖ್ಯೆಯ ಅವಧಿ ಮುಗಿದಿರುತ್ತಿತ್ತು. ಮುಗಿದ ಹೆಸರು ನಮ್ಮ ಟ್ಯಾಬ್‌ನಲ್ಲಿ ಹಸಿರು, ಬಾಕಿ ಹೆಸರು ಹಳದಿ. ಸಂಜೆ ಐದಕ್ಕೆ ಯಾರ ಪಟ್ಟಿ ಎಷ್ಟು ಹಸಿರಾಯಿತು ಎಂದು ಗುಂಪಿನ ವಾಟ್ಸಾಪ್‌ನಲ್ಲಿ ಹಾಕಬೇಕು. ಹಳದಿ ಜಾಸ್ತಿ ಇದ್ದವರ ಹೆಸರನ್ನು ನಮ್ಮ ಮೇಲ್ವಿಚಾರಕರು ಎಲ್ಲರ ಎದುರಿಗೆ ಬರೆಯುತ್ತಿದ್ದರು. ಮೊದಲ ವಾರ ಮೂರು ಸಲ ನನ್ನ ಹೆಸರು ಬಂತು. ನಾನು ಸ್ವಭಾವತಃ ಸೋಲು ತಡೆದುಕೊಳ್ಳುವವಳಲ್ಲ. ಶಾಲೆಯಲ್ಲಿ ಎರಡನೆಯ ಸ್ಥಾನ ಬಂದ ವರ್ಷ ಊಟ ಬಿಟ್ಟವಳು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಜೋಡಿ ಹೆಸರುಗಳು. ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಊರುಗಳಲ್ಲಿ ಅನೇಕ ಮನೆಗಳ ಪದ್ಧತಿಯೆಂದರೆ, ಮದುವೆಯಾಗಿ ಬಂದ ಹೆಣ್ಣಿಗೆ ಹೊಸ ಹೆಸರಿಡುವುದು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಲ್ಲಿ ಉಂಗುರದಿಂದ ಆ ಹೆಸರು ಬರೆಸುತ್ತಾರೆ. ನನ್ನ ಹೆಸರನ್ನೂ ಹಾಗೇ ಬರೆಸಿದ್ದರು. ತವರಿಗೆ ಹೋದರೆ ನಾನು ಇವತ್ತಿಗೂ ಬೇರೆ ಒಬ್ಬಳು. ಹಿಂದೆ ಎಂದೋ ಸರ್ವೆಯವರು ಬಂದಾಗ ಅತ್ತೆ ಹೊಸ ಹೆಸರು ಬರೆಸಿರುತ್ತಾಳೆ, ಆಮೇಲೆ ಆಧಾರ್ ಜೋಡಿಸುವಾಗ ತವರಿನ ಹೆಸರು ಬಂದು ಕೂತಿರುತ್ತದೆ. ಒಬ್ಬಳೇ ಹೆಂಗಸು ಪಟ್ಟಿಯಲ್ಲಿ ಇಬ್ಬರು ಹೆಂಡಿರಾಗಿ ನಿಂತಿರುತ್ತಾಳೆ. ಅದರಲ್ಲಿ ಆಧಾರ್ ಇರುವ ಹೆಸರು ಹೆಬ್ಬೆಟ್ಟಿಗೆ ಹಸಿರಾಗುತ್ತದೆ, ಇನ್ನೊಂದು ಏನು ಮಾಡಿದರೂ ಹಳದಿಯೇ.

ಅಂಥದ್ದಕ್ಕಾಗಿ ಟ್ಯಾಬ್‌ನಲ್ಲಿ ಒಂದು ಗುಂಡಿ ಇತ್ತು: ಎರಡು ಸಲ ಬಂದ ಹೆಸರು, ತೆಗೆಯಿರಿ. ತರಬೇತಿಯಲ್ಲಿ ಅದನ್ನು ಒಂದೇ ನಿಮಿಷ ತೋರಿಸಿದ್ದರು, ಉಳಿದವರು ಅದರ ಗೊಡವೆಗೇ ಹೋಗಿರಲಿಲ್ಲ. ಈ ಪದ್ಧತಿಯನ್ನು ಮೈಮೇಲೆ ಅನುಭವಿಸಿದವಳು ನಾನು, ಆದ್ದರಿಂದ ನನಗೆ ಅದು ಬೇಗ ಹೊಳೆಯಿತು. ಮೊದಲ ಕೆಲವು ಮನೆಗಳಲ್ಲಿ ಕೇಳಿದೆ. "ಹೌದ್ರಿ ಬಾಯಿ, ಎರಡೂ ನನ್ನ ಹೆಸರೇ, ಅದು ನಮ್ಮವ್ವ ಇಟ್ಟಿದ್ದು, ಇದು ಇವರು ಇಟ್ಟಿದ್ದು" ಎಂದು ಹೆಂಗಸರು ನಕ್ಕರು. ತೆಗೆದೆ. ಒಂದು ವಾರದಲ್ಲಿ ನನ್ನ ಪಟ್ಟಿ ಹಸಿರಿನಿಂದ ತುಂಬಿತು. ಮೇಲ್ವಿಚಾರಕರು ಗುಂಪಿನಲ್ಲಿ ಬರೆದರು: "ಇವರನ್ನ ನೋಡಿ ಕಲೀರಿ." ಅದನ್ನು ನಾನು ನನ್ನ ಗಂಡನಿಗೂ ತೋರಿಸಿದೆ, ತವರಿಗೂ ಕಳಿಸಿದೆ. ಅದಾದ ಮೇಲೆ ಮನೆಗಳಲ್ಲಿ ಕೇಳುವುದನ್ನು ಬಿಟ್ಟುಬಿಟ್ಟೆ. ಒಂದೇ ಗಂಡನ ಹೆಸರು, ಒಂದೇ ವಯಸ್ಸು, ಒಂದು ಹಸಿರು, ಒಂದು ಹಳದಿ. ಕೇಳುವುದೇನಿದೆ ಎನಿಸುತ್ತಿತ್ತು.

ಅಫಜಲಪುರ ತಾಲೂಕಿನ ಆ ಊರಿಗೆ ಹೋದ ದಿನ ನನಗೆ ತಡವಾಗಿತ್ತು. ಹವಳಗಾ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು, ದಾಟಲು ಜಾಗವಿಲ್ಲ. ಮುಟ್ಟುವಷ್ಟರಲ್ಲಿ ಅರ್ಧ ಊರು ಹೊಲ ಸೇರಿತ್ತು. ಓಣಿಯ ಕೊನೆಯ ಮನೆಯ ಯಜಮಾನ ರುಮಾಲು ಸುತ್ತಿಕೊಂಡು ಹೊರಟು ನಿಂತಿದ್ದ. ಅವನದು, ಮಗನದು, ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿಯದು, ಮೂರೂ ಹೆಬ್ಬೆಟ್ಟು ಮೊದಲ ಸಲಕ್ಕೇ ಹಿಡಿದವು. ಹೆಂಡತಿಯ ಹೆಸರು ಶಾಂತಾಬಾಯಿ. ಅದರ ಮೇಲಿನ ಸಾಲಿನಲ್ಲಿ ಇನ್ನೊಂದು ಹೆಸರು, ಮಹಾನಂದಾ. ಅದೂ ಹೆಂಡತಿ ಎಂದೇ ಇತ್ತು. ಹುಟ್ಟಿದ ದಿನ ಇಬ್ಬರದೂ ಜನವರಿ ಒಂದು. ಅದೇನು ದೊಡ್ಡದಲ್ಲ, ನಮ್ಮ ಕಡೆ ಅರ್ಧ ಜನ ಹುಟ್ಟಿರುವುದು ಜನವರಿ ಒಂದಕ್ಕೇ. ವರ್ಷವೂ ಒಂದೇ ಇತ್ತು. ಮಹಾನಂದಾಳಿಗೆ ಆಧಾರ್ ಜೋಡಣೆ ಇರಲಿಲ್ಲ. ನಾನು ಚಪ್ಪಲಿ ಸಹ ಬಿಚ್ಚಿರಲಿಲ್ಲ. ನೀರು ಕೊಡಲು ಬಂದರು, ಬೇಡವೆಂದೆ. ಮುಂದಿನ ಓಣಿಗೆ ನಡೆಯುತ್ತಲೇ ಗುಂಡಿ ಒತ್ತಿದೆ. ಖಚಿತವೇ ಎಂದು ಟ್ಯಾಬ್ ಕೇಳಿತು. ಹೌದು ಎಂದೆ.

ಎರಡು ತಿಂಗಳ ಮೇಲೆ, ಬಿಸಿಲು ಏರಿದ ದಿನಗಳಲ್ಲಿ, ಕೊಳಕೂರದಲ್ಲಿದ್ದಾಗ ಆ ಊರಿನ ಆಶಾ ಕಾರ್ಯಕರ್ತೆಯ ಫೋನ್ ಬಂತು.

"ಮ್ಯಾಡಮ್ಮೋರ, ನಮ್ಮೂರ ಮಹಾನಂದಾಕ್ಕನ ಹೆಸರು ದವಾಖಾನಿ ಕಂಪ್ಯೂಟರ್‌ದಾಗ ಇಲ್ಲಂತ್ರಿ. ಕಾಲಿಗಿ ತೊಗರಿ ಕೂಳಿ ಹೊಕ್ಕಿತ್ತು, ಹುಣ್ಣಾಗ್ಯದ. ಶುಗರ್ ಬ್ಯಾರೆ ಅದ. ಕಲಬುರಗಿಗಿ ಒಯ್ದಿದ್ರು, ತಿರುಗಿ ಕಳಿಸ್ಯಾರ."

ಹೆಸರು ಕೇಳಿದ ಕೂಡಲೇ ನೆನಪಾಗಲಿಲ್ಲ. ಟ್ಯಾಬ್ ತೆಗೆದು ಮನೆ ಹುಡುಕಿದೆ. ಮೂರು ಹಸಿರು ಸಾಲು ಮಾತ್ರ ಇದ್ದವು.

"ಮಹಾನಂದಾ ಅಂದ್ರ ಶಾಂತಾಬಾಯಿನೇ ಅಲ್ರಿ? ಶಾಂತಾಬಾಯಿ ಹೆಸರು ಬರೋಬರ್ ಅದ, ಅದರ ಮ್ಯಾಲೇ ತೋರ್ಸ್ರಿ" ಎಂದೆ.

"ಅಯ್ಯ, ಏನಂತೀರಿ! ಮಹಾನಂದಾಕ್ಕ ಹಿರೇಕಿ, ಶಾಂತಾಬಾಯಿ ಕಿರೇಕಿ. ಮಕ್ಕಳಾಗಲಿಲ್ಲಂತ ಅಕ್ಕನೇ ಮುಂದ ನಿಂತು ತನ್ನ ಚಿಗವ್ವನ ಮಗಳನ್ನ ತಂದು ಲಗ್ನ ಮಾಡ್ಸ್ಯಾಳ. ಊರಿಗೇ ಮಾಲೂಮ್ ಅದ."

ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳು, ಮತ್ತು ಗುಂಡಿ ಇದ್ದದ್ದು ನನ್ನ ಕೈಯಲ್ಲಿ. ಪಂಚಾಯ್ತಿ ಕಟ್ಟೆಯ ಮೇಲೆ ಕೂತೆ. ಆ ಹೊತ್ತಿನಲ್ಲಿ ನನಗೆ ಮೊದಲು ಬಂದ ಯೋಚನೆ ಆಕೆಯ ಕಾಲಿನದಲ್ಲ, ಇದು ನನ್ನ ಲಾಗಿನ್‌ನಲ್ಲಿ ಕಾಣುತ್ತದೆಯೇ ಎನ್ನುವುದು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆ.

ಮರುದಿನ ಹೋದೆ. ಮಹಾನಂದಾ ಒಳಕೋಣೆಯಲ್ಲಿ ಮಂಚದ ಮೇಲಿದ್ದಳು. ಹಣೆಯ ತುಂಬ ವಿಭೂತಿ, ಐವತ್ತರ ಆಸುಪಾಸಿನ ಹೆಂಗಸು. ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಕೊಯ್ದ ತೊಗರಿಯ ಕೂಳೆ ಎಷ್ಟು ಚೂಪಾಗಿರುತ್ತದೆಂದು ಹೊಲಕ್ಕೆ ಹೋದವರಿಗೆ ಗೊತ್ತು, ಚಪ್ಪಲಿಯ ಅಟ್ಟೆಯನ್ನೂ ತೂರಿಬಿಡುತ್ತದೆ. ಶುಗರ್ ಇದ್ದುದರಿಂದ ಚುಚ್ಚಿದ್ದೇ ಆಕೆಗೆ ತಿಳಿದಿರಲಿಲ್ಲ. ಕಾಲಿಗೆ ರಕ್ತ ಹೋಗುವ ನಾಳ ಕಟ್ಟಿದೆ, ಅದನ್ನು ತೆರೆಯದೆ ಗಾಯ ಮಾಯುವುದಿಲ್ಲ, ಆ ಚಿಕಿತ್ಸೆ ಇಂಥ ಆಸ್ಪತ್ರೆಯಲ್ಲಿ ಕಾರ್ಡ್ ಮೇಲೆ ಆಗುತ್ತದೆ ಎಂದು ತಾಲೂಕಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಚೀಟಿ ಹಿಡಿದು ಹೋದವರನ್ನು ಆ ಆಸ್ಪತ್ರೆಯ ಕಿಟಕಿಯಲ್ಲಿ, ಈ ಹೆಸರಿನವರು ಯಾರೂ ಇಲ್ಲ, ಸರಿ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದ್ದರು.

"ಹ್ಯಾಂಗಾತ್ರಿ ಇದು?" ಎಂದು ಯಜಮಾನ ಕೇಳಿದ.

"ಸರ್ವರ್ ತಪ್ಪಾಗ್ಯದ್ರಿ. ಸರಿ ಮಾಡಸ್ತೇನಿ" ಎಂದೆ.

"ಸರ್ವರ್ ಸಾಹೇಬ್ರಿಗಿ ನಾವೇ ಬಂದು ಕೈ ಮುಗೀಬೇಕಂದ್ರ ಹೇಳ್ರಿ, ಬರ್ತೇವಿ."

ನಾನು ಬೇಡ ಎಂದೆ. ಮಂಚದ ಮೇಲಿನ ಹೆಂಗಸು ನನಗೆ ಚಹಾ ಮಾಡಿಕೊಡಲು ತಂಗಿಗೆ ಹೇಳಿದಳು. ಕುಡಿದೆ. ಕುಡಿಯದೆ ಎದ್ದರೆ ಅನುಮಾನ ಬಂದೀತು ಎಂದು ಕುಡಿದೆ.

ತೆಗೆದ ಹೆಸರನ್ನು ಮತ್ತೆ ಸೇರಿಸಲು ಒಂದು ನಮೂನೆ ಇದೆ. ಅದರಲ್ಲಿ ಕಾರಣ ಬರೆಯುವ ಜಾಗದಲ್ಲಿ ಎರಡು ಚೌಕ: ಕುಟುಂಬದವರು ತಪ್ಪು ಮಾಹಿತಿ ನೀಡಿದ್ದಾರೆ, ಸಿಬ್ಬಂದಿಯ ತಪ್ಪು. ನಮ್ಮ ಮೇಲ್ವಿಚಾರಕರು ನಮೂನೆಯನ್ನು ನನ್ನ ಕಡೆ ತಿರುಗಿಸಿ, ಮೊದಲ ಚೌಕದ ಮೇಲೆ ಪೆನ್ನಿನ ತುದಿ ಇಟ್ಟರು.

"ನೋಡ್ರಿ ಮ್ಯಾಡಂ, ಎರಡನೇದು ಹಚ್ಚಿದ್ರ ನಿಮ್ಮ ಐಡಿ ಬಂದ್ ಆಗ್ತದ. ನೀವು ತೆಗದ ಹೆಸರು ಪೂರಾ ಮತ್ತ ಚೆಕ್ ಮಾಡ್ತಾರ. ನನ್ನೂ ಕೇಳ್ತಾರ. ಇದು ಹಚ್ಚಿದ್ರ ಯಾರಿಗಿ ತಕ್ಲೀಫ್ ಇಲ್ಲ. ಅವರೂ ಇಬ್ಬರದಾರ ಅಂತ ಬಾಯಿ ಬಿಟ್ಟು ಹೇಳಿಲ್ಲಲ್ಲ?"

ಅವರು ಕೆಟ್ಟವರಲ್ಲ. ಅವರಿಗೂ ಮನೆ ಇತ್ತು, ಮೇಲಿನವರಿದ್ದರು. ಅವರ ಮೇಲೆ ಹೊರೆಸಿ ಹಗುರಾಗುವ ಆಸೆ ನನಗಿಲ್ಲ, ಯಾಕೆಂದರೆ ಟಿಕ್ ಹಾಕಿದ ಕೈ ನನ್ನದು. ಅವರು ಹೇಳಿಲ್ಲ ಎನ್ನುವುದು ನಿಜ, ನಾನು ಕೇಳಿಲ್ಲ ಎನ್ನುವುದಕ್ಕೆ ಅಲ್ಲಿ ಚೌಕವೇ ಇರಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇತ್ತು, ಎರಡನೆಯದೇ ಅದು. ಮೊದಲನೆಯದಕ್ಕೆ ಹಾಕಿ ಸಹಿ ಮಾಡಿ ಕೊಟ್ಟೆ. ನಾಲ್ಕು ದಿನದಲ್ಲಿ ಆಗುತ್ತದೆ ಎಂದು ಮನೆಯವರಿಗೆ ಫೋನ್ ಮಾಡಿ ಹೇಳಿದೆ.

ಆಗಲಿಲ್ಲ. ಕುಟುಂಬ ತಪ್ಪು ಮಾಹಿತಿ ಕೊಟ್ಟಿದೆ ಎಂದರೆ ಅದಕ್ಕೆ ಸ್ಥಳ ತನಿಖೆ ಆಗಬೇಕು ಎನ್ನುವ ನಿಯಮ ನನಗೆ ತಿಳಿದಿರಲಿಲ್ಲ. ತನಿಖೆಗೆ ಅಧಿಕಾರಿ ಬರುತ್ತಾರೆ ಎಂಬ ಸುದ್ದಿ ಊರು ಮುಟ್ಟಿದ ಕೂಡಲೇ ಯಜಮಾನ ಹೆದರಿದ. ಎರಡನೇ ಲಗ್ನ ಕಾಗದಕ್ಕೆ ಬಂದರೆ ಕೇಸ್ ಆಗುತ್ತದೆ, ಶಾಂತಾಬಾಯಿಯ ಹೆಸರೂ ಹೋಗುತ್ತದೆ, ಮಗನದೂ ಹೋಗುತ್ತದೆ ಎಂದು ಯಾರೋ ತಲೆಯಲ್ಲಿ ತುಂಬಿದ್ದರು. ಅಧಿಕಾರಿ ಬಂದ ಎರಡೂ ದಿನ ಮನೆಗೆ ಬೀಗ. ರೋಗಿಯನ್ನು ಮಂಚದ ಸಮೇತ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಸಾಗಿಸಿದ್ದರಂತೆ. ಕಡತ, ಮನೆಯವರು ಲಭ್ಯವಿಲ್ಲ ಎಂಬ ಷರಾದೊಂದಿಗೆ ವಾಪಸ್ಸು ಬಂತು.

ನಾನು ಯಜಮಾನನಿಗೆ ಫೋನ್ ಮಾಡಿದೆ. "ಇರ್ಲಿ ಬಿಡ್ರಿ ಬಾಯಿ. ಆಕಿ ಔಷಧಿ ಕಟಗೊಂಡು ಕುಂದರ್ತಾಳ. ನಮ್ಮದು ಏನೂ ಬರೀಬ್ಯಾಡ್ರಿ" ಎಂದು ಇಟ್ಟುಬಿಟ್ಟ. ಹೀಗೆ ಒಂಬತ್ತು ದಿನ ಹೋದವು. ಆ ದಿನಗಳಲ್ಲಿ ನಾನು ಜಿಡಗಾ ಕಡೆ ಬಾಕಿ ಮನೆಗಳನ್ನು ಮುಗಿಸುತ್ತಿದ್ದೆ. ಮುದುಕಿಯರ ಕೈ ತೊಳೆಸಿ ಒತ್ತಿಸುತ್ತಿದ್ದೆ, ಕಾರ್ಡ್ ಇದ್ದರೆ ಎಷ್ಟು ಅನುಕೂಲ ಎಂದು ಭಾಷಣ ಮಾಡುತ್ತಿದ್ದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸುತ್ತಿತ್ತು. ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಕೆಲಸದ ದಣಿವು ಎಂದು ಗಂಡ ಅಂದುಕೊಂಡ, ನಾನೂ ಹಾಗೇ ಅಂದುಕೊಳ್ಳಲು ಬಿಟ್ಟೆ.

ಹತ್ತನೆಯ ದಿನ ಆಶಾ ಕಾರ್ಯಕರ್ತೆ ಮತ್ತೆ ಫೋನ್ ಮಾಡಿದಳು. ಈ ಸಲ ಮ್ಯಾಡಮ್ಮೋರ ಎನ್ನಲಿಲ್ಲ.

"ಯಕ್ಕಾ, ಕರ್ರಗ ಮ್ಯಾಲ ಏರಾಕತ್ತದ. ವಾಸನಿ ಬರಾಕತ್ತದ. ನಾ ದಿನಾ ಹೋಗಿ ಪಟ್ಟಿ ಕಟ್ಟಾಕತ್ತೇನಿ, ನನ್ನ ಕೈಲೆ ಆಗಂಗಿಲ್ಲಿನ್ನ. ನೀವೇನರ ಮಾಡ್ತೀರೋ ಇಲ್ಲೋ, ಖರೆ ಹೇಳಿಬಿಡ್ರಿ."

ಖರೆ ಎನ್ನುವ ಮಾತು ಚುಚ್ಚಿತು. ಮೇಲ್ವಿಚಾರಕರಿಗೆ ಹೇಳದೆ ಅಂದೇ ಕಲಬುರಗಿಯ ಬಸ್ ಹತ್ತಿದೆ. ಬಸ್ಸಿನಲ್ಲಿ ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ. ಎರಡು ಸಲ ಹರಿದು ಹಾಕಿದೆ, ಯಾಕೆಂದರೆ ಕೆಲಸದ ಒತ್ತಡ, ಸಮಯದ ಅಭಾವ ಎಂದೆಲ್ಲ ನನ್ನ ಪರವಾಗಿ ವಾಕ್ಯಗಳು ತಾವಾಗಿ ಬಂದು ಕೂಡುತ್ತಿದ್ದವು. ಮೂರನೆಯ ಸಲ ಇಷ್ಟೇ ಬರೆದೆ. ಈ ಮನೆಯಲ್ಲಿ ಮಹಾನಂದಾ ಎಂಬುವರು ಬೇರೆಯೇ ವ್ಯಕ್ತಿ. ನಾನು ಯಾರನ್ನೂ ಕೇಳದೆ ಅವರ ಹೆಸರು ತೆಗೆದಿದ್ದೇನೆ. ಕುಟುಂಬದವರದು ತಪ್ಪಿಲ್ಲ. ಈ ಹಿಂದೆ ನಾನು ಸಹಿ ಮಾಡಿದ ಕಾರಣ ಸುಳ್ಳು.

ಜಿಲ್ಲಾ ಕಚೇರಿಯ ಅಧಿಕಾರಿ ಹಾಳೆಯನ್ನು ಓದಿ, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

"ಇದನ್ನ ನಾ ತಗೊಂಡ್ರ ಏನಾಗ್ತದ, ಗೊತ್ತದ ಏನ್ರಿ?"

"ಗೊತ್ತದ್ರಿ ಸರ್."

"ಮೊದಲೇ ಯಾಕ ಹಿಂಗ ಬರೀಲಿಲ್ಲ?"

"ಕೆಲಸ ಹೋಗ್ತದಂತ ಅಂಜಿದ್ದೆ ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗಂಟೆ ಒತ್ತಿ ಗುಮಾಸ್ತರನ್ನು ಕರೆದು, ಸಿಬ್ಬಂದಿಯ ತಪ್ಪಿಗೆ ತನಿಖೆ ಬೇಕಿಲ್ಲ, ಇವತ್ತೇ ಹೆಸರು ತೆರೆಯಿರಿ ಎಂದರು. ಹದಿನೈದು ನಿಮಿಷದಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕನೆಯ ಸಾಲು ಬಂತು. ಒಂಬತ್ತು ದಿನ ಆಗದ್ದು ಹದಿನೈದು ನಿಮಿಷದಲ್ಲಿ ಆಯಿತು. ನನ್ನ ಐಡಿ ಅಲ್ಲೇ ನಿಂತಿತು. ಮರುದಿನ ನಸುಕಿಗೇ ನನ್ನ ಸಹೋದ್ಯೋಗಿಯೊಬ್ಬಳು ಹೋಗಿ ಮಹಾನಂದಾಳ ಆಧಾರ್ ಜೋಡಿಸಿ, ಹೆಬ್ಬೆಟ್ಟು ಒತ್ತಿಸಿ ನವೀಕರಣ ಮುಗಿಸಿದಳು. ತನಿಖೆ ಇಲ್ಲ, ಕೇಸ್ ಇಲ್ಲ ಎಂದು ಯಜಮಾನನಿಗೆ ಒಪ್ಪಿಸಿ, ಮಧ್ಯಾಹ್ನದೊಳಗೆ ರೋಗಿಯನ್ನು ಕಲಬುರಗಿಗೆ ಸೇರಿಸಿದ್ದು ಆಶಾ ಕಾರ್ಯಕರ್ತೆ.

ನಾಳ ತೆರೆದರು. ಆದರೆ ಪಾದದ ಮುಂದಿನ ಅರ್ಧ ಉಳಿಯಲಿಲ್ಲ.

ಶಸ್ತ್ರಚಿಕಿತ್ಸೆಯ ಮರುದಿನ ವಾರ್ಡಿನ ಹೊರಗೆ ಡಾಕ್ಟರನ್ನು ತಡೆದು, ಹತ್ತು ದಿನ ಮೊದಲೇ ಬಂದಿದ್ದರೆ ಹೇಗಿರುತ್ತಿತ್ತು ಎಂದು ಕೇಳಿದೆ. ಶುಗರ್‌ನ ಕಾಲು, ಖಚಿತವಾಗಿ ಹೇಳಲು ಬರುವುದಿಲ್ಲ, ಎರಡು ಬೆರಳಿನಲ್ಲಿ ಮುಗಿಯುತ್ತಿತ್ತೇನೋ ಎಂದರು. ನೀವು ಮಗಳೇ ಎಂದು ಕೇಳಿದರು. ಅಲ್ಲ ಎಂದೆ.

ಒಳಗೆ ಹೋದೆ. ಮಹಾನಂದಾ ದಿಂಬಿಗೆ ಒರಗಿ ಕೂತಿದ್ದಳು. ಶಾಂತಾಬಾಯಿ ಗಂಜಿಯ ಬಟ್ಟಲು ಹಿಡಿದಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ನಿಂತುಕೊಂಡೇ ಹೇಳಿದೆ.

"ಯಕ್ಕಾ, ಸರ್ವರ್ ಅಂತ ಹೇಳಿದ್ದು ಸುಳ್ಳು. ನಿಮ್ಮ ಹೆಸರು ತೆಗದಾಕಿ ನಾನು. ನೀವಿಬ್ಬರೂ ಒಬ್ಬರೇ ಅಂತ ತಿಳಕೊಂಡು ತೆಗದೆ. ಯಾರಿಗೂ ಕೇಳಲಿಲ್ಲ. ಆಮ್ಯಾಲೂ ನಿಮ್ಮ ಮ್ಯಾಲೇ ತಪ್ಪು ಹಾಕಿ ಬರದೆ."

ಶಾಂತಾಬಾಯಿ ಬಟ್ಟಲನ್ನು ಕೆಳಗಿಟ್ಟಳು. "ನನ್ನ ಹೆಬ್ಬೆಟ್ಟ ತಗೊಂಡು ಹೋದೆಲ್ಲ ಬೇ, ಮತ್ಯಾರರ ಅದಾರೇನು ಅಂತ ಒಂದ್ ಮಾತ ಕೇಳಾಕ ಏನಾಗಿತ್ತು ನಿನಗ? ನಿನ್ನ ಕಾಲು ಹೋಗಿದ್ರ ತಿಳೀತಿತ್ತು!" ಎಂದು ಕೂಗಿದಳು. ಪಕ್ಕದ ಮಂಚದವರು ತಿರುಗಿ ನೋಡಿದರು. ಕೂಗುತ್ತಲೇ ಅತ್ತಳು. ಅತ್ತದ್ದು ನನ್ನ ಮೇಲಿನ ಸಿಟ್ಟಿಗೆ ಮಾತ್ರ ಅಲ್ಲ ಎಂದು ನನಗೆ ಆಮೇಲೆ ಅನಿಸಿತು. ಆ ದಿನ ಬಾಗಿಲಿಗೆ ಬಂದು ಹೆಬ್ಬೆಟ್ಟು ಕೊಟ್ಟು ಒಳಗೆ ಹೋದವಳು ಅವಳೇ.

ಮಹಾನಂದಾ ಚಾದರ ಎಳೆದು ಬ್ಯಾಂಡೇಜು ಮುಚ್ಚಿಕೊಂಡಳು.

"ಒಳಗೇ ಇದ್ದೆ ನಾ" ಎಂದಳು. "ರೊಟ್ಟಿ ಬಡ್ಯಾಕತ್ತಿದ್ದೆ. ಬರಕೊಳ್ಳಾವ್ರು ಯಾರರ ಬಂದ್ರ ನಾ ಮುಂದ ಬರಂಗಿಲ್ಲ. ಇಬ್ಬರದಾರಂತ ಬರಕೊಂಡ ಹೋದ್ರ ಹುಡುಗಗ ತೊಂದ್ರಿ ಅಂತ ಮೊದಲಿಂದ ಹಂಗೇ ರೂಢಿ. ಆಧಾರ್ ಜೋಡ್ಸೋದೂ ಹಂಗೇ ಬಿಟ್ಟಿತ್ತು."

ಹಾಗೆಂದು ಅವಳು ನನ್ನನ್ನು ಬಿಡುಗಡೆ ಮಾಡಲಿಲ್ಲ. ಇರಲಿ ಬಿಡು ತಂಗಿ ಎಂದಾಳೇನೋ ಎಂದು ನಾನು ಒಳಗೊಳಗೆ ಕಾಯುತ್ತಿದ್ದೆ, ಅನ್ನಲಿಲ್ಲ. ಬದಲಿಗೆ ಕೇಳಿದಳು, "ಇದು ವರ್ಷಾ ವರ್ಷಾ ಮಾಡೋದಲ್ಲ? ಬರೂ ವರ್ಷ ಯಾರು ಬರ್ತಾರ?"

"ಬ್ಯಾರೆಯವರು ಬರ್ತಾರ. ನಾ ಇರಂಗಿಲ್ಲ."

"ಮತ್ತ ಅವರಿಗಿ ನಾ ಹ್ಯಾಂಗ ಗೊತ್ತಾಗ್ಬೇಕು?"

ಗಂಜಿ ಆರಿತ್ತು, ಶಾಂತಾಬಾಯಿ ಅದನ್ನು ಬಿಸಿ ಮಾಡಿಸಲು ಎದ್ದು ಹೋದಳು. ನಾನೂ ಹೊರಗೆ ಬಂದೆ.

ಗುತ್ತಿಗೆ ಮುಗಿಯಲು ಇನ್ನೂ ಮೂರು ವಾರ ಇತ್ತು. ಐಡಿ ಇಲ್ಲದಿದ್ದರೂ ನಾನು ತೆಗೆದ ಹೆಸರುಗಳ ಪಟ್ಟಿ ಕೇಳಿ ಇಸಿದುಕೊಂಡು, ಮೂರೂ ತಾಲೂಕಿನ ಆ ಮನೆಗಳಿಗೆಲ್ಲ ಮತ್ತೆ ಹೋದೆ. ಈ ಸಲ ಚಪ್ಪಲಿ ಬಿಚ್ಚಿ ಒಳಗೆ ಕೂತೆ. ಹೆಚ್ಚಿನವು ಸರಿಯೇ ಇದ್ದವು, ಎರಡು ಹೆಸರಿನ ಒಬ್ಬಳೇ ಹೆಂಗಸು. ಜೇವರ್ಗಿ ತಾಲೂಕಿನಲ್ಲಿ ಒಬ್ಬಳು, ಆಳಂದದ ಹತ್ತಿರ ಒಬ್ಬಳು, ಹೀಗೆ ನಾನು ಹೆಸರು ತೆಗೆದಿದ್ದ ಇನ್ನಿಬ್ಬರು ಜೀವಂತ ಹೆಂಗಸರು ಸಿಕ್ಕರು. ಅವರಿಗೆ ಕಾಯಿಲೆ ಬಿದ್ದಿರಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅವರ ಹೆಸರುಗಳನ್ನು ಬರೆದುಕೊಟ್ಟೆ, ಸೇರಿಸಿದರು. ಮೇಲ್ವಿಚಾರಕರು ನನ್ನ ಫೋನ್ ಎತ್ತುವುದನ್ನು ಬಿಟ್ಟಿದ್ದರು. ಅವರಿಗೂ ನೋಟಿಸು ಹೋಗಿತ್ತು.

ಈಗ ನಾನು ಆಳಂದದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುತ್ತೇನೆ. ಈ ವರ್ಷವೂ ತೊಗರಿ ರಾಶಿಯ ಹೊತ್ತಿಗೇ ನವೀಕರಣ ಶುರುವಾಯಿತು. ಆ ಊರಿಗೆ ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ರಜೆ ಹಾಕಿದೆ. ಮಾಲೀಕರಿಗೆ ಸಂಬಂಧಿಕರ ಮನೆಯ ಕೆಲಸ ಎಂದೆ.

ಹೊಸದಾಗಿ ಬಂದವಳು ಚುರುಕಿನ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಯ ಮನೆಗಳನ್ನು ಒಂದೊಂದಾಗಿ ಮುಗಿಸುತ್ತ ಬಂದಳು. ನಾನು ಯಜಮಾನನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಯಜಮಾನ ಒತ್ತಿದ, ಮಗ ಒತ್ತಿದ, ಶಾಂತಾಬಾಯಿ ಒತ್ತಿದಳು. ಹೊಸಬಳ ಬೆರಳು ಟ್ಯಾಬ್‌ನ ಮೇಲೆ ನಿಂತಿತು.

"ಇಲ್ಲೊಂದು ಹೆಸರು ಡಬಲ್ ಬಂ​ದಂಗ ಕಾಣತದಲ್ರಿ?"

"ಡಬಲ್ ಅಲ್ರಿ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಾಬಾಯಿ ಹೇಳಿಬಿಟ್ಟಳು. "ನಮ್ಮಕ್ಕ ಅದು. ಒಳಗದಾಳ." ಯಜಮಾನ ರುಮಾಲು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದ. ಬೇಡ ಎನ್ನಲಿಲ್ಲ. ಶಾಂತಾಬಾಯಿ ಬಾಗಿಲಿಗೆ ತಿರುಗಿ, "ಅಕ್ಕಾ, ಹೊರಗ ಬಾ" ಎಂದು ಕೂಗಿದಳು.

ಒಳಗೆ ಕೋಲು ನೆಲಕ್ಕೆ ತಾಗಿದ ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಹೊಸಬಳು ಇನ್ನೂ ಉಳಿದ ಮನೆಗಳ ಕಡೆ ನೋಡಿದಳು, ಮೊಬೈಲಿನಲ್ಲಿ ಹೊತ್ತು ನೋಡಿದಳು.

"ಕಾಲು ತ್ರಾಸ ಇದ್ದಂಗದ. ನಾನೇ ಒಳಗ ಹೋಗಿ ತಗೊಳ್ಲೇನ್ರಿ?" ಎಂದಳು.

"ಬ್ಯಾಡ್ರಿ, ನಿಲ್ರಿ. ಬರಾಕತ್ತೇನಿ" ಎಂದು ಮಹಾನಂದಾಳ ದನಿ ಬಂತು.

ಅಡುಗೆಮನೆಯಿಂದ ಬಾಗಿಲಿಗೆ ಹತ್ತೋ ಹನ್ನೆರಡೋ ಹೆಜ್ಜೆ ಇದ್ದೀತು. ಆಕೆ ಅಷ್ಟನ್ನು ನಡೆದು ಬರಲು ಬಹಳ ಹೊತ್ತು ಹಿಡಿಯಿತು.